ಕೊರೆದ ಕನ್ನಡಿ ಉಡುಗೊರೆಯಾಗಲಿ, ಆದರೆ ವಿಧಾನವನ್ನು ಪೂರ್ತಿ ತಿಳಿಸಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಗೌರಿ ಹಬ್ಬದ ನಿಮಿತ್ತ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಮನೆಯಲ್ಲೇ ತಯಾರಿಸಬಹುದಾದ ಉಡುಗೊರೆಗಳ ಕುರಿತ ಲೇಖನವನ್ನು ಓದಿದೆ. ಕನ್ನಡಿಯ ಮೇಲೆ ಚಿತ್ತಾರದ ಸ್ಟಿಕರ್ ಅಂಟಿಸಿ, ಅದರ ಬಿಡುವುಗಳಲ್ಲಿ ಎಚಿಂಗ್ ಕ್ರೀಮ್ ಸವರಿ, ಐದು ನಿಮಿಷದ ಬಳಿಕ ಅಡುಗೆಮನೆಯ ಸಿಂಕಿನಲ್ಲಿ ತೊಳೆದರೆ ಮಸುಕು ಬಿಳಿಯ ಚಿತ್ರ ಮೂಡುತ್ತದೆ, ಮಕ್ಕಳ ಕೈಯಲ್ಲೂ ಇದನ್ನು ಮಾಡಿಸಬಹುದು ಎಂದು ಅದರಲ್ಲಿ ಹೇಳಲಾಗಿತ್ತು. ಉಡುಗೊರೆಯ ಆಯ್ಕೆ ಸೊಗಸಾದದ್ದು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಆ ಕ್ರೀಮಿನಲ್ಲಿ ಏನಿರುತ್ತದೆ ಎಂಬ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾಗಿ, ಈಗ ಗಾಜಿನ ಮೇಲೆ ಚಿತ್ತಾರ ಕೊರೆಯುವುದನ್ನೇ ಹವ್ಯಾಸ ಮಾಡಿಕೊಂಡಿರುವ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪತ್ರ ದೀರ್ಘವಾಗಿದ್ದರೆ ಮನ್ನಿಸಬೇಕು.

ಕನ್ನಡಿಯನ್ನು ಉಡುಗೊರೆಯಾಗಿ ಕೊಡುವುದು ನಮ್ಮಲ್ಲಿ ಹೊಸತೇನಲ್ಲ. ಹಳೆ ಮೈಸೂರು ಭಾಗದಲ್ಲಿ ಗೌರಿಗೆ ಕೊಡುವ ಮೊರದ ಬಾಗಿನದಲ್ಲಿ ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಬಾಚಣಿಗೆಗಳ ಜೊತೆ ಕನ್ನಡಿಯೂ ಇರಬೇಕು. ಮದುವೆಯ ಮನೆಯಲ್ಲಿ ಕಳಸಗಿತ್ತಿಯ ಕೈಯಲ್ಲಿ ಕಳಶದೊಂದಿಗೆ ಕನ್ನಡಿ ಇರುತ್ತದೆ. ಈಗ ಬಾಗಿನದ ಸಾಮಾನೆಲ್ಲ ಗ್ರಂಥಿಗೆ ಅಂಗಡಿಯಲ್ಲಿ ಒಂದೇ ಪೊಟ್ಟಣವಾಗಿ ಸಿಗುತ್ತದೆ. ಅದರೊಳಗಿನ ಕನ್ನಡಿ ಪ್ಲಾಸ್ಟಿಕ್ ಕಟ್ಟಿನ, ಎರಡು ಬೆರಳಗಲದ ವಸ್ತು. ಅದರಲ್ಲಿ ಹಣೆಯ ಕುಂಕುಮ ಕಂಡರೆ ಮೂಗು ಕಾಣುವುದಿಲ್ಲ. ಯಾರೂ ಅದನ್ನು ಬಳಸುವುದೂ ಇಲ್ಲ, ಹಬ್ಬ ಕಳೆದ ಮೇಲೆ ಅದು ಮುಂದಿನ ಬಾಗಿನಕ್ಕಾಗಿ ಡಬ್ಬಿ ಸೇರುತ್ತದೆ. ಅದರ ಬದಲಿಗೆ ಒಂದು ಅಡಿ ಎತ್ತರದ, ದಿನವೂ ತಲೆ ಬಾಚುವಾಗ ಮುಂದೆ ನಿಲ್ಲುವಂಥ ಕನ್ನಡಿಯನ್ನು ತಾಯಿಯೋ ಅಣ್ಣನೋ ತಮ್ಮ ಕೈಯಾರೆ ಚಿತ್ತಾರ ಕೊರೆದು ಮಗಳಿಗೆ ಕಳಿಸಿಕೊಟ್ಟರೆ ಅದರ ಸಂತೋಷವೇ ಬೇರೆ. ಸ್ಟೀಲ್ ಪಾತ್ರೆಯ ಅಂಗಡಿಯಲ್ಲಿ ನಿಂತು ಕೊಡುವವರ ಹೆಸರು, ಊರು, ತಾರೀಖನ್ನು ಪಾತ್ರೆಯ ಕಂಠಕ್ಕೆ ಕೊರೆಸುವುದು ನಮಗೆಲ್ಲ ಗೊತ್ತಿರುವ ರೂಢಿ. ಕನ್ನಡಿಯ ವಿಷಯದಲ್ಲಿ ಮಾತ್ರ ಕೊಟ್ಟವರ ಹೆಸರನ್ನು ಹಿಂಬದಿಯ ಕಟ್ಟಿನ ಮೇಲೆ ಬರೆದರೆ ಸಾಕೆಂದು ನನ್ನ ಅಭಿಪ್ರಾಯ. ಮುಖ ನೋಡಿಕೊಳ್ಳುವವರಿಗೆ ದಿನಾಲೂ ದಾನಿಯ ಹೆಸರು ಕಾಣುತ್ತಿರಬೇಕಾಗಿಲ್ಲ.

ಚಿತ್ತಾರವನ್ನು ಹೊರಗಿನ ಕೈಪಿಡಿಗಳಿಂದ ತರಬೇಕಾದ ಅಗತ್ಯವೂ ಇಲ್ಲ. ನನ್ನ ಸೊಸೆ ಧಾರವಾಡದ ಕಡೆಯವಳು. ಅವಳ ಅಜ್ಜಿಯ ಇಳಕಲ್ ಸೀರೆಯ ಸೆರಗಿನಲ್ಲಿದ್ದ ಕಸೂತಿಯ ತೇರು ಮತ್ತು ತುಳಸಿಕಟ್ಟೆಯನ್ನು ತೆಗೆದುಕೊಂಡು ನಾನು ಅವಳಿಗೊಂದು ಕನ್ನಡಿ ಮಾಡಿಕೊಟ್ಟೆ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಆದ್ದರಿಂದ ಪ್ರತಿಯೊಂದು ಆಕಾರವನ್ನೂ ಚೌಕುಳಿಯ ಗ್ರಾಫ್ ಹಾಳೆಗೆ ಎಣಿಕೆ ತಪ್ಪದಂತೆ ಇಳಿಸಿಕೊಳ್ಳಬಹುದು, ಬೇಕಾದ ಅಳತೆಗೆ ಹಿಗ್ಗಿಸಲೂಬಹುದು. ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ನೇರ ಗೆರೆ, ಮೆಟ್ಟಿಲಿನಂಥ ಗೆರೆಗಳಲ್ಲೇ ಸಾಗುವುದರಿಂದ ಗಾಜಿಗೆ ಚೆನ್ನಾಗಿ ಒಗ್ಗುತ್ತವೆ. ಮೆಂತಿ ಹೊಲಿಗೆಯ ತುಂಬು ಭಾಗಗಳು ಒಗ್ಗುವುದಿಲ್ಲ. ಅಡ್ಡಗೆರೆಗಳ ನಡುವೆ ಉಳಿಯಬೇಕಾದ ಸ್ಟಿಕರಿನ ತುಣುಕು ಸಾಸಿವೆಯಷ್ಟಿದ್ದು, ಚಿಮಟಿಗೆ ಸೋಕಿದೊಡನೆ ಎದ್ದು ಬರುತ್ತದೆ. ಅಂಥ ಕಡೆ ತುಂಬುವುದನ್ನು ಬಿಟ್ಟು ಹೊರಗೆರೆಯನ್ನಷ್ಟೇ ಉಳಿಸಿಕೊಳ್ಳುವುದು ಒಳ್ಳೆಯದು. ಮಲೆನಾಡಿನ ದೀವರ ಹಸೆ ಚಿತ್ತಾರದ ಸಣ್ಣ ಗೆರೆಗಳ ಜಾಲ, ಮನೆಮುಂದಿನ ಚುಕ್ಕಿ ರಂಗೋಲಿ ಇವೂ ಗೆರೆಯ ಕಲೆಗಳೇ ಆದ್ದರಿಂದ ಕನ್ನಡಿಯ ಅಂಚಿಗೆ ಹೇಳಿ ಮಾಡಿಸಿದಂತಿವೆ.

ಅಕ್ಷರ ಬರೆಸುವುದಾದರೆ ಇನ್ನೊಂದು ಸೂಕ್ಷ್ಮವಿದೆ. ಸ್ಟಿಕರ್ ಕತ್ತರಿಸಿಕೊಡುವವರು ಬೈಕುಗಳಿಗೆ ಹೆಸರು, ನಂಬರು ಹಾಕುವ ರೇಡಿಯಂ ಅಂಗಡಿಯವರು. ಇಂಗ್ಲಿಷ್ ಅಕ್ಷರಗಳು ಬಿಡಿಬಿಡಿಯಾಗಿರುವುದರಿಂದ ಅವರ ಯಂತ್ರ ಅವನ್ನು ಸಲೀಸಾಗಿ ಕತ್ತರಿಸುತ್ತದೆ. ಕನ್ನಡದಲ್ಲಿ ಕೊಂಬು, ಒತ್ತಕ್ಷರ, ದೀರ್ಘದ ಚಿಹ್ನೆಗಳು ಮೂಲ ಅಕ್ಷರದ ಮೇಲೆ ಹಾಯ್ದು ಕೂತಿರುತ್ತವೆ. ಕಂಪ್ಯೂಟರಿನಲ್ಲಿ ಅವೆರಡನ್ನೂ ಮೊದಲೇ ಬೆಸೆದು ಒಂದೇ ಆಕಾರ ಮಾಡದಿದ್ದರೆ ಯಂತ್ರದ ಅಲಗು ಎರಡೂ ಗೆರೆಗಳನ್ನು ಕತ್ತರಿಸಿ, ‘ಲಕ್ಷ್ಮಿ’ಯ ಒತ್ತುಗಳು ಚೂರುಚೂರಾಗಿ ಕೈಗೆ ಬರುತ್ತವೆ. ಕತ್ತರಿಸುವ ಮುನ್ನ ಪರದೆಯ ಮೇಲೆ ಬರಿಯ ಹೊರಗೆರೆಗಳನ್ನು ತೋರಿಸುವಂತೆ ಕೇಳಿದರೆ ಈ ದೋಷ ಕಣ್ಣಿಗೆ ಬೀಳುತ್ತದೆ.

ಇನ್ನು ಗಾಜು. ಕನ್ನಡಿಯ ಬೆನ್ನಿಗೆ ಮೊದಲು ಬೆಳ್ಳಿಯ ಅತಿ ತೆಳುವಾದ ಪದರ, ಸಾಮಾನ್ಯವಾಗಿ ಅದರ ಮೇಲೆ ತಾಮ್ರದ ಪದರ, ಕೊನೆಗೆ ರಕ್ಷಣೆಯ ಬಣ್ಣ ಇರುತ್ತವೆ. ನಾವು ಕೊರೆಯುವುದು ಸಾಮಾನ್ಯವಾಗಿ ಮುಂಬದಿಯ ಗಾಜನ್ನು. ಹಾಗೆ ಕೊರೆದ ಗೆರೆಯ ಬಿಂಬವೂ ಹಿಂದಿನ ಬೆಳ್ಳಿಯಲ್ಲಿ ಕಾಣುವುದರಿಂದ ಪ್ರತಿ ಗೆರೆಗೂ ಒಂದು ನೆರಳುಗೆರೆ ಜೊತೆಯಾಗುತ್ತದೆ. ದಪ್ಪ ಹೂವು, ಬಳ್ಳಿಗಳಲ್ಲಿ ಈ ಇಮ್ಮಡಿ ಚಿತ್ರಕ್ಕೆ ಒಂದು ಆಳ ಬಂದು ಚೆಲುವೆನಿಸುತ್ತದೆ. ಸಣ್ಣ ಅಕ್ಷರಗಳಲ್ಲಿ ಮಾತ್ರ ಓದು ಕಲಸಿಹೋಗುತ್ತದೆ. ಉಗುರನ್ನು ಕನ್ನಡಿಗೆ ಮುಟ್ಟಿಸಿ ನೋಡಿ: ಉಗುರಿಗೂ ಅದರ ಬಿಂಬಕ್ಕೂ ನಡುವೆ ಕಾಣುವ ಅಂತರ ಹೆಚ್ಚಿದ್ದಷ್ಟೂ ನೆರಳುಗೆರೆ ದೂರ ಬೀಳುತ್ತದೆ. ಬರಹವಿರುವ ಸಣ್ಣ ಕನ್ನಡಿಗೆ 3 ಮಿಲಿಮೀಟರಿನ ಗಾಜು ಸಾಕು, ಗೋಡೆಗೆ ಹಾಕುವ ದೊಡ್ಡದಕ್ಕೆ 4 ಅಥವಾ 5 ಮಿಲಿಮೀಟರ್ ಬೇಕು. ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿಕೊಂಡು ತರುವುದನ್ನು ಮರೆಯಬಾರದು. ಬೆನ್ನಿನಿಂದ ಕೊರೆಯುವವರೂ ಇದ್ದಾರೆ. ಅವರು ಬಣ್ಣ, ಬೆಳ್ಳಿ ಎರಡನ್ನೂ ಕೆರೆದು ತೆಗೆದು, ಗಾಜನ್ನು ಮಸುಕು ಮಾಡಿ, ಹಿಂದಿನಿಂದ ದೀಪ ಕೊಡುತ್ತಾರೆ. ಆಗ ಅಕ್ಷರಗಳನ್ನು ಬಲದಿಂದ ಎಡಕ್ಕೆ ತಿರುಗಿಸಿ ಕತ್ತರಿಸಿಕೊಳ್ಳಬೇಕಾಗುತ್ತದೆ.

ಇಲ್ಲಿಯವರೆಗಿನದನ್ನೆಲ್ಲ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬಹುದು. ನನ್ನ ಆತಂಕ ಮುಂದಿನ ಹಂತದ್ದು.

ಗಾಜಿನ ಮುಖ್ಯ ದ್ರವ್ಯ ಸಿಲಿಕಾ. ಗಂಧಕಾಮ್ಲವಾಗಲಿ ನೈಟ್ರಿಕ್ ಆಮ್ಲವಾಗಲಿ ಅದನ್ನು ಕರಗಿಸಲಾರವು, ಅದಕ್ಕೇ ಪ್ರಯೋಗಾಲಯಗಳಲ್ಲಿ ಅವನ್ನು ಗಾಜಿನ ಬಾಟಲಿಯಲ್ಲೇ ಇಡುತ್ತಾರೆ. ಗಾಜನ್ನು ತಿನ್ನುವ ಆಮ್ಲ ಹೈಡ್ರೋಫ್ಲೋರಿಕ್ ಆಮ್ಲ. 1771ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಷೀಲೆ ಫ್ಲೋರ್‌ಸ್ಪಾರ್ ಎಂಬ ಖನಿಜವನ್ನು ಗಂಧಕಾಮ್ಲದೊಡನೆ ಕಾಯಿಸಿದಾಗ ಅವನ ಗಾಜಿನ ಪಾತ್ರೆಯೇ ಸವೆದುಹೋಯಿತು. ಪೇಟೆಯಲ್ಲಿ ಸಿಗುವ ಎಚಿಂಗ್ ಕ್ರೀಮುಗಳಲ್ಲಿ ಈ ಆಮ್ಲ ನೇರವಾಗಿ ಇರದೆ, ಅಮೋನಿಯಂ ಬೈಫ್ಲೋರೈಡ್ ಅಥವಾ ಸೋಡಿಯಂ ಬೈಫ್ಲೋರೈಡ್ ಎಂಬ ಲವಣದ ರೂಪದಲ್ಲಿರುತ್ತದೆ. ಲವಣ ಎಂದ ಮಾತ್ರಕ್ಕೆ ಸಾಧುವೆಂದು ತಿಳಿಯಬಾರದು, ಏಕೆಂದರೆ ನೀರಿನಂಶದಲ್ಲಿ ಕರಗಿದೊಡನೆ ಅದರಿಂದ ಹುಟ್ಟುವುದು ಅದೇ ಹೈಡ್ರೋಫ್ಲೋರಿಕ್ ಆಮ್ಲ. ಅದು ಹುಟ್ಟದಿದ್ದರೆ ಗಾಜು ಮಸುಕಾಗುತ್ತಲೂ ಇರಲಿಲ್ಲ.

ಉಳಿದ ಆಮ್ಲಗಳಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಚ್ಚಲು ತೊಳೆಯುವ ಆಸಿಡ್ ಕೈಗೆ ಸಿಡಿದರೆ ತಕ್ಷಣ ಉರಿಯುತ್ತದೆ, ನಾವು ನಲ್ಲಿಯ ಕಡೆಗೆ ಓಡುತ್ತೇವೆ. ಹೈಡ್ರೋಫ್ಲೋರಿಕ್ ಆಮ್ಲ ತೀಕ್ಷ್ಣವಾಗಿಲ್ಲದಿದ್ದಾಗ, ಅಂದರೆ ಶೇ. 20ಕ್ಕಿಂತ ಕಡಿಮೆ ಇದ್ದಾಗ, ನೋವು ಕಾಣಿಸಿಕೊಳ್ಳಲು 24 ಗಂಟೆಯವರೆಗೂ ಹಿಡಿಯಬಹುದು. ಅಷ್ಟರಲ್ಲಿ ಆ ಆಮ್ಲದ ಫ್ಲೋರೈಡ್ ಅಂಶ ಚರ್ಮದ ಮೂಲಕ ಒಳಗಿಳಿದು, ಅಂಗಾಂಶದ ಮತ್ತು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದು ಗಟ್ಟಿ ಮಾಡತೊಡಗಿರುತ್ತದೆ. ಹೆಚ್ಚು ಪ್ರಮಾಣದಲ್ಲಿ ಹೊಕ್ಕರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಹತ್ತು ವರ್ಷದ ಹುಡುಗ ಸಂಜೆ ಕನ್ನಡಿ ಮಾಡಿ, ಬೆರಳ ಸಂದಿಗೆ ತಾಗಿದ್ದನ್ನು ಒರೆಸಿಕೊಂಡು ಮಲಗಿದರೆ ನಡುರಾತ್ರಿ ಏಳುವ ನೋವಿಗೂ ಸಂಜೆಯ ಆಟಕ್ಕೂ ಇರುವ ನಂಟು ಮನೆಯವರಿಗೆ ಹೊಳೆಯುವುದಾದರೂ ಹೇಗೆ? ತೆಳುವಾದ ಕೈಗವಸು ಹಾಕಿಕೊಂಡರೆ ಸಾಕೆಂಬ ಮಾತೂ ಪೂರ್ತಿ ನಿಜವಲ್ಲ. ಕಣ್ಣಿಗೆ ಕಾಣದ ತೂತಿನಿಂದ ಒಳಗೆ ಸೇರಿದ ದ್ರವ ಚರ್ಮಕ್ಕೆ ಒತ್ತಿಕೊಂಡೇ ಇರುತ್ತದೆ, ಬರಿಗೈಗಿಂತ ಅದೇ ಹೆಚ್ಚು ಕೇಡು.

ಫ್ಲೋರೈಡ್ ಎಂಬ ಹೆಸರು ನಮ್ಮ ಬಯಲುಸೀಮೆಯವರಿಗೆ ಹೊಸದಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಕೊಳವೆಬಾವಿಗಳ ನೀರು ಕುಡಿದು ಹಲ್ಲು ಕಂದಿದವರನ್ನು, ಮೂಳೆ ಬಾಗಿದವರನ್ನು ನಾವು ನೋಡಿದ್ದೇವೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದಿದೆ. ಇಷ್ಟು ಸೂಕ್ಷ್ಮವಾಗಿ ಅಳೆಯುವ ವಸ್ತುವನ್ನು ಚಮಚಗಟ್ಟಲೆ ಸಿಂಕಿಗೆ ತೊಳೆದುಬಿಡಿ ಎಂದು ಬರೆಯುವುದು ಸರಿಯೇ? ಸಿಂಕಿನ ಪಕ್ಕದ ಗ್ರಾನೈಟ್ ಕಟ್ಟೆ, ಹಿಂದಿನ ಟೈಲ್ಸ್, ಪಿಂಗಾಣಿ ಬೇಸಿನ್ ಇವುಗಳಲ್ಲೂ ಸಿಲಿಕಾ ಇರುವುದರಿಂದ ಕ್ರೀಮ್ ತಾಗಿದ ಜಾಗದ ಹೊಳಪು ಹೋಗಿ ಮತ್ತೆ ಬರುವುದಿಲ್ಲ ಎಂಬುದು ಬೇರೆ ಮಾತು.

ದೊಡ್ಡವರು, ಮಕ್ಕಳನ್ನು ದೂರವಿಟ್ಟು, ಕ್ರೀಮನ್ನೇ ಬಳಸುತ್ತೇವೆ ಎಂದರೆ ಅದಕ್ಕೊಂದು ಕ್ರಮವಿದೆ. ಗಾಳಿಯಾಡುವ ಹಿತ್ತಿಲು ಅಥವಾ ಮಹಡಿಯ ಮೇಲೆ, ಮೊಣಕೈವರೆಗಿನ ದಪ್ಪ ರಬ್ಬರ್ ಕೈಗವಸು ಮತ್ತು ಕಣ್ಣು ಮುಚ್ಚುವ ಕನ್ನಡಕ ಹಾಕಿಕೊಂಡು ಕೆಲಸ ಮಾಡಬೇಕು. ಬೆರಳಿಗೆ ಹಾಕಿದ ಉಂಗುರವನ್ನು ಮೊದಲೇ ತೆಗೆದಿಡಬೇಕು. ಕ್ರೀಮನ್ನು ಪ್ಲಾಸ್ಟಿಕ್ ಹಲಗೆಯಿಂದ ಸವರಿ, ಅವಧಿ ಮುಗಿದ ಮೇಲೆ ಅದರಿಂದಲೇ ಬಳಿದು ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಬಕೆಟ್ಟಿನ ಸುಣ್ಣದ ನೀರಿಗೆ ತೊಳೆಯಬೇಕು. ಸುಣ್ಣದ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು, ಷೀಲೆ ಕಾಯಿಸಿದ ಖನಿಜದಲ್ಲಿದ್ದ ಅದೇ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿಸುತ್ತದೆ. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಕ್ರೀಮಿನಲ್ಲಿರುವುದು ಅಮೋನಿಯಂ ಲವಣವಾದರೆ ಸುಣ್ಣ ಬಿದ್ದೊಡನೆ ಅಮೋನಿಯಾದ ಘಾಟು ಏಳುತ್ತದೆ, ಆದ್ದರಿಂದ ಈ ಕೆಲಸವನ್ನು ಬಚ್ಚಲಿನೊಳಗೆ ಬಾಗಿಲು ಮುಚ್ಚಿಕೊಂಡು ಮಾಡಲೇಬಾರದು. ಮೈಗೆ ತಾಗಿದರೆ ನೋವಿಗಾಗಿ ಕಾಯದೆ ಧಾರೆಯಾಗಿ ಬೀಳುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೊರಡಬೇಕು. ಇದಕ್ಕೆ ಕೊಡುವ ಔಷಧ ಕ್ಯಾಲ್ಸಿಯಂ ಗ್ಲುಕೊನೇಟ್, ಸಾಮಾನ್ಯವಾಗಿ ಶೇ. 2.5ರ ಮುಲಾಮಿನ ರೂಪದಲ್ಲಿ. ಬರಿ ‘ಆಸಿಡ್ ಬಿತ್ತು’ ಎಂದರೆ ವೈದ್ಯರಿಗೆ ಇದು ಹೊಳೆಯದೆ ಹೋಗಬಹುದು. ‘ಫ್ಲೋರೈಡ್’ ಎಂಬ ಪದವನ್ನು ಬಾಯಿಬಿಟ್ಟು ಹೇಳಬೇಕು, ಕ್ರೀಮಿನ ಡಬ್ಬಿಯನ್ನೂ ಜೊತೆಗೊಯ್ಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಮಕ್ಕಳು, ವಯಸ್ಸಾದವರು ಎಲ್ಲರೂ ಸೇರಿ ಮಾಡುವ ಉಡುಗೊರೆಗೆ ಈ ಕ್ರೀಮು ಬೇಕೇ ಎಂಬುದು ನನ್ನ ಮೂಲ ಪ್ರಶ್ನೆ. ಬೇಡವೆಂಬುದೇ ನನ್ನ ಉತ್ತರ. ಗಾಜನ್ನು ಮಸುಕು ಮಾಡಲು ರಾಸಾಯನಿಕವೇ ಆಗಬೇಕೆಂದಿಲ್ಲ, ಗಾಜಿಗಿಂತ ಗಟ್ಟಿಯಾದ ಯಾವುದೇ ಪುಡಿ ಸಾಕು. ಕಾರ್ಬೊರಂಡಮ್ ಪುಡಿ, ಅಂದರೆ ಸಿಲಿಕಾನ್ ಕಾರ್ಬೈಡ್, ಸಾಣೆಕಲ್ಲು ಮತ್ತು ಉಜ್ಜುಕಾಗದಗಳಲ್ಲಿ ಬಳಕೆಯಾಗುವ ವಸ್ತು. ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರು ದೂರದರ್ಶಕದ ಗಾಜನ್ನು ಕೈಯಿಂದ ತೇಯುವುದೂ ಇಂಥ ಪುಡಿಯಿಂದಲೇ. 220ರ ದರ್ಜೆಯ ಪುಡಿಯನ್ನು ಸ್ಟಿಕರಿನ ಬಿಡುವಿನ ಮೇಲೆ ಉದುರಿಸಿ, ನೀರು ಹನಿಸಿ, ಅಂಚು ಉಜ್ಜಿದ ಚಿಕ್ಕ ಗಾಜಿನ ಬಿಲ್ಲೆಯಿಂದಲೋ ಹಿತ್ತಾಳೆಯ ತುಂಡಿನಿಂದಲೋ ಗಂಧ ತೇಯ್ದ ಹಾಗೆ ಸುತ್ತಿಸಿ ಉಜ್ಜಿದರೆ ಮೊದಮೊದಲು ಕರಕರ ಸದ್ದು ಬರುತ್ತದೆ. ಪುಡಿ ಒಡೆದು ನುಣುಪಾದಂತೆ ಆ ಸದ್ದು ಇಳಿದು ನೊರೆಯಂಥ ಬೂದುಬಣ್ಣದ ಕೆಸರಾಗುತ್ತದೆ. ಅದನ್ನು ಒರೆಸಿ ಹೊಸ ಪುಡಿ ಹಾಕಬೇಕು. ಒದ್ದೆ ಇರುವಾಗ ತೇಯ್ದ ಕಡೆಗೂ ತೇಯದ ಕಡೆಗೂ ವ್ಯತ್ಯಾಸ ಸರಿಯಾಗಿ ಕಾಣದಿರುವುದರಿಂದ ನಡುನಡುವೆ ಒಣಗಿಸಿ, ಓರೆಯಾಗಿ ಬೆಳಕಿಗೆ ಹಿಡಿದು ನೋಡಬೇಕು. ಉಜ್ಜು ತಾಗದೆ ಉಳಿದ ಕಡೆ ಹೊಳೆಯುವ ಚುಕ್ಕೆಗಳು ಎದ್ದು ಕಾಣುತ್ತವೆ. ಇನ್ನೂ ನುಣುಪು ಬೇಕಾದರೆ 400ರ ಪುಡಿಯಲ್ಲಿ ಮತ್ತೊಂದು ಸುತ್ತು. ನೀರಿನಲ್ಲಿ ತೇಯುವುದರಿಂದ ಗಾಜಿನ ಧೂಳು ಗಾಳಿಗೇಳುವುದಿಲ್ಲ. ಸ್ಟಿಕರಿನ ಅಂಚು ಸವೆಯುವುದುಂಟು, ಅದಕ್ಕೆ ಒಂದರ ಮೇಲೊಂದು ಎರಡು ಪದರ ಅಂಟಿಸಿ ಕತ್ತರಿಸಿದರೆ ತಡೆಯುತ್ತದೆ. ಮುಗಿದ ಮೇಲೆ ಕೆಸರನ್ನು ಬಟ್ಟೆಯಿಂದ ಎತ್ತಿ ಕಸಕ್ಕೆ ಹಾಕಬೇಕು, ಮೋರಿಗೆ ಬಿಟ್ಟರೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಕನ್ನಡಿಯನ್ನು ಮಾತ್ರ ಎತ್ತಿ ನಲ್ಲಿಯ ಕೆಳಗೆ ಹಿಡಿಯಕೂಡದು. ಅಂಚಿನಿಂದ ಬೆನ್ನಿಗೆ ನೀರಿಳಿದರೆ ಬೆಳ್ಳಿ ಕಪ್ಪಿಡುತ್ತದೆ, ಕರಾವಳಿಯ ತೇವಕ್ಕಂತೂ ಆ ಕಪ್ಪು ಹಬ್ಬುತ್ತಲೇ ಹೋಗುತ್ತದೆ.

ಕಸೂತಿಯ ಸಣ್ಣ ಗೆರೆಗೆ ಈ ಬಿಲ್ಲೆ ನುಗ್ಗುವುದಿಲ್ಲ. ಅಲ್ಲಿಗೆ ವಜ್ರದ ಪುಡಿ ಕೂರಿಸಿದ ಸಣ್ಣ ಮೊನೆ ಬೇಕು. ದಂತವೈದ್ಯರು ಹಲ್ಲು ಕೊರೆಯಲು ಬಳಸುವಂಥದ್ದೇ. ಬ್ಯಾಟರಿಯಿಂದ ತಿರುಗುವ ಪೆನ್ನಿನಂಥ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಒದ್ದೆ ಸ್ಪಂಜನ್ನು ಪಕ್ಕದಲ್ಲಿಟ್ಟುಕೊಂಡು, ಗಾಜನ್ನು ಸದಾ ತೇವವಾಗಿರಿಸಿ, ಒತ್ತದೆ ಗೆರೆ ಎಳೆಯಬೇಕು. ನೀರಿರುವ ಕಡೆ ಗೋಡೆಯ ಕರೆಂಟಿನ ಯಂತ್ರವನ್ನು ಬಳಸಬಾರದು. ಗಾಜು ಕತ್ತರಿಸುವ ಗಾಲಿಯಿಂದ ಗೆರೆ ಎಳೆಯಲು ಹೋದರೆ ಅದು ಗಾಜನ್ನು ತೇಯದೆ ಬಿರುಕು ಹುಟ್ಟಿಸುತ್ತದೆ, ಗೋಡೆಗೆ ಮೊಳೆ ಹೊಡೆಯುವ ದಿನ ತೇರಿನ ಗೋಪುರದಿಂದಲೇ ಸೀಳಿಕೊಂಡೀತು. ಮೊನೆ ಹಿಡಿಯುವುದು ದೊಡ್ಡವರ ಕೆಲಸ. ಗ್ರಾಫ್ ಎಣಿಸುವುದು, ಸ್ಟಿಕರ್ ಬಿಡಿಸುವುದು, ಪುಡಿ ತೇಯುವುದು ಇವಕ್ಕೆ ಮಕ್ಕಳನ್ನು ಬಿಡಬಹುದು. ಕ್ರೀಮಿಗೆ ಐದು ನಿಮಿಷ ಸಾಕು, ಇದಕ್ಕೆ ಒಂದು ಮಧ್ಯಾಹ್ನವೇ ಹಿಡಿಯುತ್ತದೆ ಎಂದು ಕೆಲವರು ಮೂಗು ಮುರಿಯಬಹುದು. ಕೈಯಾರೆ ಮಾಡಿದ ಉಡುಗೊರೆ ಎಂದು ಹೇಳಿಕೊಳ್ಳಲು ಅಷ್ಟು ಹೊತ್ತಾದರೂ ಕೈ ಆಡಬೇಡವೇ?

ಕನ್ನಡಿಯ ಕಸುಬಿನಲ್ಲಿ ಅಂದಕ್ಕಾಗಿ ಆರೋಗ್ಯ ತೆತ್ತವರ ಚರಿತ್ರೆ ಉದ್ದವಿದೆ. ಬೆಳ್ಳಿ ಹಚ್ಚುವ ವಿಧಾನವನ್ನು ಜರ್ಮನಿಯ ಯೂಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಕಂಡುಹಿಡಿಯುವ ಮೊದಲು ಯುರೋಪಿನಲ್ಲಿ ಗಾಜಿನ ಬೆನ್ನಿಗೆ ತವರ ಮತ್ತು ಪಾದರಸದ ಮಿಶ್ರಣವನ್ನು ಹಚ್ಚುತ್ತಿದ್ದರು. ಆ ಬಳಿಕವೂ ದಶಕಗಳ ಕಾಲ ಪಾದರಸವೇ ನಡೆಯಿತು. ಕನ್ನಡಿ ಕಾರ್ಖಾನೆಗಳ ಕೆಲಸಗಾರರಲ್ಲಿ ಕಂಡ ಪಾದರಸದ ವಿಷಬಾಧೆಯನ್ನು ಅಡಾಲ್ಫ್ ಕುಸ್ಮಾಲ್ ಎಂಬ ವೈದ್ಯ 1861ರಲ್ಲಿ ವಿವರವಾಗಿ ದಾಖಲಿಸಿದ. 1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಮರಳನ್ನು ರಭಸದಿಂದ ಊದಿ ಗಾಜು ಕೊರೆಯುವ ವಿಧಾನಕ್ಕೆ ಪೇಟೆಂಟ್ ಪಡೆದ; ಸ್ಯಾಂಡ್‌ಬ್ಲಾಸ್ಟಿಂಗ್ ಎಂದು ನಮ್ಮ ಗ್ಲಾಸ್ ಅಂಗಡಿಗಳಲ್ಲಿ ಹೇಳುವುದು ಇದನ್ನೇ. ಊದಿದ ಮರಳಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿ ಎಂಬುದಿಲ್ಲ. ಎರಕದ ಲೋಹ ಮುಂತಾದವುಗಳನ್ನು ಶುಚಿಗೊಳಿಸಲು ಮರಳು ಊದುವುದನ್ನು ಬ್ರಿಟನ್ 1949ರ ನಿಯಮಗಳಿಂದ ನಿಷೇಧಿಸಿತು. ನಮ್ಮಲ್ಲೂ ಕಾನೂನಿನ ಪ್ರಕಾರ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗ. ಆದ್ದರಿಂದ ಮನೆಯಲ್ಲಿ ಮಾಡಲಾಗದೆ ಅಂಗಡಿಯಲ್ಲಿ ಕೊರೆಸುವವರೂ, ಮರಳನ್ನೇ ಊದುತ್ತಾರೋ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಬೇರೆ ಪುಡಿಯನ್ನೋ, ಮುಚ್ಚಿದ ಪೆಟ್ಟಿಗೆಯೊಳಗೆ ಮಾಡುತ್ತಾರೋ ಬಯಲಿನಲ್ಲೋ ಎಂದು ಒಮ್ಮೆ ಕೇಳಿದರೆ ಅಲ್ಲಿ ದುಡಿಯುವ ಹುಡುಗರಿಗೆ ಉಪಕಾರವಾದೀತು.

ಕೊನೆಯದಾಗಿ ಲೇಬಲ್ಲಿನ ವಿಷಯ. ನಮ್ಮ ಊರಿನ ಅಂಗಡಿಯೊಂದರಲ್ಲಿ ಈ ಕ್ರೀಮನ್ನು ದೊಡ್ಡ ಡಬ್ಬಿಯಿಂದ ಬರಿಯ ಪ್ಲಾಸ್ಟಿಕ್ ಸೀಸೆಗೆ ತುಂಬಿ, ಮೇಲೆ ಏನೂ ಬರೆಯದೆ ಮಾರುವುದನ್ನು ಕಂಡೆ. ಏನಿದೆ ಇದರಲ್ಲಿ ಎಂದು ಕೇಳಿದರೆ ‘ಗ್ಲಾಸ್ ಕ್ರೀಮ್ ಮೇಡಂ, ಎಲ್ಲರೂ ತಗೊಂಡು ಹೋಗ್ತಾರೆ’ ಎಂಬ ಉತ್ತರ ಬಂತು. ಆನ್‌ಲೈನಿನಲ್ಲಿ ತರಿಸಿದ ಇನ್ನೊಂದು ಬಾಟಲಿಯ ಮೇಲೆ ಎಚ್ಚರಿಕೆಯೇನೋ ಇತ್ತು, ಭೂತಗನ್ನಡಿ ಹಿಡಿದು ಓದಬೇಕಾದ ಇಂಗ್ಲಿಷಿನಲ್ಲಿ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಆಸಿಡ್ ಕೊಳ್ಳುವವರ ಗುರುತು ಮತ್ತು ಉದ್ದೇಶವನ್ನು ದಾಖಲಿಸಿಕೊಳ್ಳದೆ ಯಾರಿಗೂ ಮಾರಬಾರದು, ಹದಿನೆಂಟು ತುಂಬದವರಿಗಂತೂ ಮಾರಲೇಬಾರದು ಎಂದು ನಿರ್ದೇಶಿಸಿತ್ತು. ಈ ಕ್ರೀಮು ಕರಕುಶಲ ಸಾಮಗ್ರಿ ಎಂಬ ಹೆಸರಿನಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಮನೆಬಾಗಿಲಿಗೇ ಬರುತ್ತದೆ. ಪೊಟ್ಟಣ ಸರಕುಗಳ 2011ರ ಕೇಂದ್ರ ನಿಯಮಗಳ ಪ್ರಕಾರ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಹೆಚ್ಚುವರಿಯಾಗಿ ಇರಬಹುದಷ್ಟೆ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಬಳಕೆಯ ಸೂಚನೆಗಳು ಕನ್ನಡದಲ್ಲೂ ಇರಬೇಕೆನ್ನುವುದು ಇಲ್ಲಿ ತಯಾರಾದ ಸರಕಿಗೆ. ಹೊರಗಿನಿಂದ ಬರುವ ಬಾಟಲಿ ಅದರಿಂದ ನುಣುಚಿಕೊಳ್ಳುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಕನ್ನಡ ಇರಬೇಕೆಂದು ಒತ್ತಾಯಿಸುವ ನಾವು, ಓದಲಾಗದಿದ್ದರೆ ಅಂಗೈಯೇ ಸುಡುವಂಥ ಡಬ್ಬಿಯ ಮೇಲೆ ಮೊದಲು ಕೇಳಬೇಕಿತ್ತು. ಎಲ್ಲಿಯೇ ತಯಾರಾಗಲಿ, ರಾಜ್ಯದಲ್ಲಿ ಮಾರಾಟವಾಗುವ ಇಂಥ ರಾಸಾಯನಿಕದ ಮೇಲೆ ಅದರಲ್ಲಿ ಏನಿದೆ, ಮೈಗೆ ತಾಗಿದರೆ ಏನು ಮಾಡಬೇಕು ಎಂಬೆರಡು ವಿಷಯಗಳು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರುವಂತೆ ಸಂಬಂಧಪಟ್ಟ ಇಲಾಖೆಗಳು ಕ್ರಮ ಕೈಗೊಳ್ಳಲಿ ಎಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಲೇಖನವನ್ನು ಹಿಂತೆಗೆದುಕೊಳ್ಳಿರೆಂದು ನಾನು ಕೇಳುತ್ತಿಲ್ಲ. ಹಬ್ಬಕ್ಕೆ ಮೊದಲಿನ ಪುರವಣಿಯಲ್ಲೇ ಕ್ರೀಮಿನ ಅಪಾಯವನ್ನೂ ಪುಡಿ ತೇಯುವ ವಿಧಾನವನ್ನೂ ಪ್ರಕಟಿಸಿದರೆ, ಆಗಲೇ ಬಾಟಲಿ ತರಿಸಿಟ್ಟುಕೊಂಡಿರುವ ಮನೆಗಳಿಗೆ ಸಕಾಲದಲ್ಲಿ ತಲುಪುತ್ತದೆ. ಜಾಗವಿದ್ದರೆ ತೇರು ಮತ್ತು ತುಳಸಿಕಟ್ಟೆಯ ಗ್ರಾಫ್ ನಕ್ಷೆಗಳನ್ನು ಕಳಿಸಿಕೊಡಲು ಸಿದ್ಧಳಿದ್ದೇನೆ. ಅಚ್ಚು ಮಾಡುವಾಗ ಅವನ್ನು ಅಂಕಣದ ಅಗಲಕ್ಕೆ ಕುಗ್ಗಿಸಬಾರದೆಂದು ವಿನಂತಿ. ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಚೌಕವನ್ನು ಎಣಿಸುವುದು ನನ್ನ ವಯಸ್ಸಿನವರಿಗೆ ಕಷ್ಟ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಶಿವಮೊಗ್ಗ